ಟರ್ಬೊ ಬಂಡಿಯ ವ್ಯಾಧಿಗಳೂ ಅವುಗಳ ವೆಚ್ಚವೂ

ನಮ್ಮ ಅಳಿಯಂದಿರು ಮೂರು ವರ್ಷಗಳ ಹಿಂದೆ, ಮತ್ತೊಬ್ಬರು ಏಳು ವರ್ಷ ಓಡಿಸಿದ್ದ ಒಂದು ಟರ್ಬೊ ಪೆಟ್ರೋಲ್ ಸೆಡಾನ್ ಬಂಡಿಯನ್ನು ಕೊಂಡರು. ಬೆಲೆ ಹಗುರವಾಗಿತ್ತು, ಬಣ್ಣ ಮಾಸಿರಲಿಲ್ಲ. ಶಿರಾಡಿ ಘಟ್ಟವನ್ನು ಅದು ಏರಿದ ಬಗೆಯನ್ನು ಕಂಡು ನಾನೂ ಹಿಗ್ಗಿದವನೇ. ಕಳೆದ ಮಾಘಮಾಸದಲ್ಲಿ ಹಾಸನದಿಂದ ಬೆಂಗಳೂರಿಗೆ ಬರುವಾಗ ಅದೇ ಬಂಡಿಯು ನೀಲಿಹೊಗೆಯನ್ನು ಬಿಡತೊಡಗಿ, ಎತ್ತಿನ ಗಾಡಿಯ ನಡಿಗೆಗೆ ಇಳಿಯಿತು. ಬೆಂಗಳೂರಿನ ಒಂದು ಗ್ಯಾರೇಜಿನವರು “ಟರ್ಬೊ ಹೋಗಿದೆ” ಎಂದು ಹೇಳಿ, ಹೊಸದನ್ನು ಕೂರಿಸಿ, ೧,೩೮,೦೦೦ ರೂಪಾಯಿಗಳ ಬಿಲ್ಲನ್ನು ಕೈಗಿತ್ತರು. ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣವು ಹೀಗೆ ಕರಗಿತು. ಅದನ್ನಾದರೂ ಸಹಿಸಬಹುದಾಗಿತ್ತು, ಜ್ಯೇಷ್ಠಮಾಸ ಬರುವಷ್ಟರಲ್ಲಿ ಆ ಹೊಸ ಟರ್ಬೊ ಕೂಡ ಹಳೆಯದರಂತೆಯೇ ಹೊಗೆಯುಗುಳಿ ನಿಂತಿತು. ಒಂದೇ ವ್ಯಾಧಿಗೆ ಎರಡು ಬಾರಿ ವೈದ್ಯಶುಲ್ಕವನ್ನು ತೆರುವ ದುರವಸ್ಥೆಯು ಬೇರೆ ಗೃಹಸ್ಥರಿಗೆ ಒದಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಟರ್ಬೊ ಎಂದರೇನೆಂಬುದನ್ನು ಮೊದಲು ಅರಿಯಬೇಕು. ಇಂಜಿನ್ನು ಹೊರಗೆ ಬಿಡುವ ಬಿಸಿಹೊಗೆಯಲ್ಲಿ ಬಹಳಷ್ಟು ಶಕ್ತಿಯು ಇನ್ನೂ ಉಳಿದಿರುವುದಷ್ಟೆ. ಆ ಹೊಗೆಯ ದಾರಿಯಲ್ಲಿ ಒಂದು ಚಕ್ರವನ್ನಿಟ್ಟು, ಅದರ ಅಚ್ಚಿನ ಮತ್ತೊಂದು ತುದಿಗೆ ಇನ್ನೊಂದು ಚಕ್ರವನ್ನು ಜೋಡಿಸಿದರೆ, ಹೊಗೆಯು ಮೊದಲನೆಯದನ್ನು ತಿರುಗಿಸುವಾಗ ಎರಡನೆಯದು ಹೊರಗಿನ ಗಾಳಿಯನ್ನು ಅದುಮಿ ಇಂಜಿನ್ನಿನೊಳಕ್ಕೆ ತಳ್ಳುತ್ತದೆ. ಹೆಚ್ಚು ಗಾಳಿ ಸೇರಿದಲ್ಲಿ ಹೆಚ್ಚು ಪೆಟ್ರೋಲನ್ನು ಉರಿಸಬಹುದಾದುದರಿಂದ ಸಣ್ಣ ಇಂಜಿನ್ನೂ ದೊಡ್ಡದರ ಕೆಲಸವನ್ನು ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು ೧೯೦೫ರಲ್ಲಿ ಈ ಉಪಾಯಕ್ಕೆ ಪೇಟೆಂಟನ್ನು ಪಡೆದರು. ಜನರು ಕೊಂಡು ಓಡಿಸುವ ಕಾರುಗಳಿಗೆ ಅದು ಬಂದುದು ೧೯೬೨ರಲ್ಲಿ, ಅಮೆರಿಕದಲ್ಲಿ.

ಆ ಅಚ್ಚು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತಬಲ್ಲುದು. ಒಂದು ಕಡೆಯ ಚಕ್ರಕ್ಕೆ ಬಡಿಯುವ ಹೊಗೆಯ ಉಷ್ಣವು ಪೆಟ್ರೋಲ್ ಇಂಜಿನ್ನಿನಲ್ಲಿ ೯೦೦ ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದುಂಟು. ಇಂಥ ಅಚ್ಚನ್ನು ಹೊತ್ತಿರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆಯೇ ಹೊರತು ಮತ್ತೇನೂ ಅಲ್ಲ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ವೆಂಬ ಒಂದೇ ಶಬ್ದವುಂಟು. ತರಗತಿಯಲ್ಲಿ ಇದನ್ನು ನೂರು ಸಲ ಹೇಳಿದ್ದ ನನಗೆ ಅದರ ಅರ್ಥವು ಗ್ಯಾರೇಜಿನಲ್ಲಿ ತಿಳಿಯಬೇಕಾಯಿತು.

ಎರಡನೆಯ ಸಲ ಬಂಡಿ ಕೆಟ್ಟಾಗ ಅದನ್ನು ನನ್ನ ಹಳೆಯ ಶಿಷ್ಯನೊಬ್ಬನ ಗ್ಯಾರೇಜಿಗೆ ಎಳೆಯಿಸಿಕೊಂಡು ಹೋದೆವು. ಶಾಲೆಯಲ್ಲಿ ರಾಮಶಬ್ದವನ್ನು ಒಂದು ದಿನವೂ ತಪ್ಪಿಲ್ಲದೆ ಒಪ್ಪಿಸಿದವನಲ್ಲ ಅವನು. “ಮೇಷ್ಟ್ರೇ, ಟರ್ಬೊ ತಾನಾಗಿ ಸಾಯೋದು ಕಡಿಮೆ. ಅದನ್ನ ಸಾಯಿಸಿದ್ದು ಯಾವುದು ಅಂತ ಮೊದಲು ನೋಡಬೇಕು” ಎಂದವನೇ, ಮೆಕ್ಯಾನಿಕ್ಕರು ‘ಚೇಂಬರ್’ ಎಂದು ಕರೆಯುವ ಎಣ್ಣೆಯ ತಳಪಾತ್ರೆಯನ್ನು ಕಳಚಿದನು. ಒಳಗೆ ಎಣ್ಣೆಯನ್ನು ಹೀರುವ ಜಾಲರಿಯ ಮೇಲೆ ಕಾಡಿಗೆಯಂಥ ಕೆಸರು ಗಟ್ಟಿಯಾಗಿ ಕೂತಿತ್ತು. ಟರ್ಬೊವಿಗೆ ಎಣ್ಣೆಯೊಯ್ಯುವ ಸಣ್ಣ ಪೈಪು ಒಳಗೇ ಸುಟ್ಟು ಕರಿಕಟ್ಟಿ, ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು. ಮೊದಲಿನ ಗ್ಯಾರೇಜಿನವರು ಇವೆರಡನ್ನೂ ಮುಟ್ಟದೆ ಹೊಸ ಟರ್ಬೊವನ್ನು ಹಳೆಯ ಪೈಪಿಗೇ ಜೋಡಿಸಿದ್ದರು. ಎಣ್ಣೆ ಸಾಲದೆ ಕೆಟ್ಟುದಕ್ಕೆ ಖಾತರಿಯು ಅನ್ವಯಿಸದೆಂಬುದು ಅವರ ಉತ್ತರ. ಹಿಂದಿನ ಧಣಿಯು ಎಣ್ಣೆಯನ್ನು ಬದಲಾಯಿಸದೆ ಒಮ್ಮೆ ೧೮,೦೦೦ ಕಿಲೋಮೀಟರು ಓಡಿಸಿದ್ದನೆಂಬುದು ಸರ್ವೀಸಿನ ಪುಸ್ತಕದಲ್ಲಿಯೇ ಇತ್ತು. ಕೊಳ್ಳುವಾಗ ನಾವು ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಶುದ್ಧಿ, ಜಾಲರಿ, ಪೈಪು, ಎರಡು ಸಲದ ಎಣ್ಣೆ ಸೇರಿ ೧೯,೫೦೦ ರೂಪಾಯಿ. ಕೆಟ್ಟ ಟರ್ಬೊವಿನ ಒಳಭಾಗವನ್ನು ಮಾತ್ರ ಬದಲಾಯಿಸಿದುದಕ್ಕೆ ೪೨,೦೦೦.

ಈ ಕೆಸರಿನ ವ್ಯಾಧಿಯು ನಮ್ಮೊಬ್ಬರದಲ್ಲ. ಸ್ವೀಡನ್ ದೇಶದ ಸಾಬ್ ಕಂಪನಿಯು ೧೯೭೦ರ ದಶಕದ ಕೊನೆಯಿಂದಲೂ ಟರ್ಬೊ ಕಾರುಗಳಿಗೆ ಹೆಸರಾಗಿತ್ತು. ಅದರ ೯-೫ ಎಂಬ ಸೆಡಾನಿನ ಮೊದಲ ವರ್ಷಗಳ ಬಂಡಿಗಳಲ್ಲಿಯೂ ಹೀಗೆಯೇ ಜಾಲರಿಯು ಮುಚ್ಚಿ, ಟರ್ಬೊವಷ್ಟೇ ಏಕೆ, ಇಂಜಿನ್ನುಗಳೇ ನಾಶವಾದುವು.

ಎಲ್ಲ ದುರ್ಬಲತೆಯೂ ಟರ್ಬೊವಿನ ಮರಣವಲ್ಲವೆಂಬುದನ್ನು ಮರೆಯಬಾರದು. ಹೊಗೆಯಿಲ್ಲದೆ ಬರಿಯ ಪಿಕಪ್ ತಗ್ಗಿ, ಬುಸ್ಸೆಂಬ ಸದ್ದು ಕೇಳಿದರೆ, ಗಾಳಿಯ ರಬ್ಬರು ಹೋಸು ಸೀಳಿರುವುದೇ ಹೆಚ್ಚು. ಶಿಷ್ಯನ ಲೆಕ್ಕದಲ್ಲಿ ಅದಕ್ಕೆ ಐದಾರು ಸಾವಿರವಾದೀತು. ಇಂಜಿನ್ನು ಕುಂಟುತ್ತ ಕುಲುಕಿದರೆ ಪ್ಲಗ್ಗುಗಳನ್ನೂ ಕಾಯಿಲುಗಳನ್ನೂ ನೋಡಿಸಬೇಕು. ಕಾಯಿಲೊಂದಕ್ಕೆ ಮೂರು ನಾಲ್ಕು ಸಾವಿರ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಇಂಜಿನ್ನುಗಳಲ್ಲಿ ಗಾಳಿಯ ವಾಲ್ವುಗಳ ಹಿಂಭಾಗವನ್ನು ತೊಳೆಯಲು ಪೆಟ್ರೋಲೇ ಇಲ್ಲದುದರಿಂದ ಅಲ್ಲಿ ಮಸಿ ಕಟ್ಟುತ್ತದೆ. ಕೆರೆದು ತೆಗೆಯಲು ಕೂಲಿಯೇ ಹತ್ತು ಹದಿನೈದು ಸಾವಿರ. ಗ್ಯಾರೇಜಿನವರು ಟರ್ಬೊವನ್ನೇ ಬದಲಾಯಿಸಬೇಕೆಂದರೆ, ಹೋಸುಗಳನ್ನು ಪರೀಕ್ಷಿಸಿದಿರಾ, ಎಣ್ಣೆಯ ಒತ್ತಡವನ್ನು ಅಳೆದಿರಾ, ಪೈಪನ್ನೂ ಹೊಸದಾಗಿ ಹಾಕುವಿರಾ ಎಂದು ಕೇಳಿರಿ. ಚಕ್ರದ ಅಚ್ಚನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸೆನ್ನಿರಿ. ಹಳೆಯ ಭಾಗವನ್ನು ಮನೆಗೆ ತನ್ನಿರಿ. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ಎಣ್ಣೆಯು ಬಂಡಿಯೊಡನೆ ಬಂದ ಪುಸ್ತಕದಲ್ಲಿ ಹೇಳಿದ ಜಾತಿಯದೇ ಆಗಬೇಕು. ಅಲ್ಲಿ ವಿಧಿಸಿದ ಗಡುವಿಗಿಂತ ತುಸು ಮುಂಚೆಯೇ, ಓಡಿಸದಿದ್ದರೂ ವರ್ಷಕ್ಕೊಮ್ಮೆ, ಬದಲಾಯಿಸುವುದು ಲೇಸು. ನಮಗೆ ಇದಕ್ಕೆ ತಗಲುವುದು ಸುಮಾರು ೬,೫೦೦ ರೂಪಾಯಿ. ಘಟ್ಟವೇರಿ ಬಂದೊಡನೆ ಇಂಜಿನ್ನನ್ನು ಥಟ್ಟನೆ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಗೊಟ್ಟರೆ ಟರ್ಬೊವಿನೊಳಗಿನ ಎಣ್ಣೆಯು ಸುಟ್ಟು ಕರಿಯಾಗುವುದು ತಪ್ಪುತ್ತದೆ. ಕೆಂಪು ಎಣ್ಣೆದೀಪವು ಹೊತ್ತಿತೆಂದರೆ ಮಾತ್ರ ಊರು ಹತ್ತಿರವಿದೆಯೆಂದು ಮುಂದುವರಿಯದೆ, ಬಂಡಿಯನ್ನು ಪಕ್ಕಕ್ಕೆ ತಂದು ಆ ಕ್ಷಣವೇ ಆರಿಸತಕ್ಕದ್ದು.

ಅಳಿಯಂದಿರು ಈಗ ಪ್ರತಿ ಭಾನುವಾರ ಎಣ್ಣೆಯ ಕಡ್ಡಿಯನ್ನು ಒರಸಿ ನೋಡುತ್ತಾರೆ. ಮೊಮ್ಮಗಳ ಕಾಲೇಜಿನವರು ಉಳಿದ ಶುಲ್ಕಕ್ಕೆ ದೀಪಾವಳಿಯವರೆಗೆ ಅವಧಿ ಕೊಟ್ಟಿದ್ದಾರೆ.