ಬೇಲಿಯ ಮೇಲಿನ ಗೌರಿ ಹೂ

ಚೌತಿಗೆ ಫಲಾವಳಿ ಕಟ್ಟುವ ಹೊತ್ತಿಗೆ ನಮ್ಮ ಕರಾವಳಿಯ ಬೇಲೆಕೇರಿ, ಅವರ್ಸಾ ಕಡೆಯ ಬೇಲಿ, ಪೊದೆಗಳ ಮೇಲೆ ಗೌರಿ ಹೂ ಅರಳಿರುತ್ತದೆ. ಬುಡ ಹಳದಿ, ತುದಿ ಕೆಂಪು, ಅಂಚೆಲ್ಲ ಅಲೆಅಲೆ. ನಮ್ಮ ಮಣ್ಣಿನದೇ ಬಳ್ಳಿ, ಆದರೆ ಇದರ ಬಳಗ ಇರುವುದು ಕಡಲಾಚೆ. ಗ್ಲೋರಿಯೋಸಾ ಎಂಬ ಈ ಕುಲದಲ್ಲಿ ಹತ್ತು-ಹನ್ನೆರಡು ಪ್ರಭೇದಗಳಷ್ಟೇ ಇವೆ. ಹೆಚ್ಚಿನವು ಆಫ್ರಿಕಾದವು. ಭಾರತದಲ್ಲಿ ತಾನಾಗಿ ಬೆಳೆಯುವುದು ಗ್ಲೋರಿಯೋಸಾ ಸುಪರ್ಬಾ ಒಂದೇ. ಜಿಂಬಾಬ್ವೆಯ ರಾಷ್ಟ್ರೀಯ ಹೂ ಇದೇ, ತಮಿಳುನಾಡಿನ ರಾಜ್ಯಪುಷ್ಪವೂ ಇದೇ.

ಹೂವನ್ನು ಹತ್ತಿರದಿಂದ ನೋಡಬೇಕು. ಮುಖ ನೆಲಕ್ಕೆ, ಆರು ಎಸಳು ಹಿಂದಕ್ಕೆ ಮಡಚಿ ಮೇಲಕ್ಕೆ. ಆರು ಕೇಸರಗಳು ಸುತ್ತಲೂ ಚಾಚಿರುತ್ತವೆ. ಶಲಾಕೆಯಂತೂ ಬುಡದಲ್ಲೇ ಲಂಬಕೋನಕ್ಕೆ ಬಾಗಿ ಪಕ್ಕಕ್ಕೆ ಹೊರಡುತ್ತದೆ. ಮಕರಂದ ನಡುವೆ, ಪರಾಗ ಅಷ್ಟು ದೂರ! ಇದೇಕೆ ಹೀಗೆ? ಚಿಟ್ಟೆಯ ರೆಕ್ಕೆಗಾಗಿ. ಮಕರಂದ ಹೀರುತ್ತ ಬಡಿಯುವ ರೆಕ್ಕೆಗೆ ಪರಾಗ ಅಂಟಿ ಮುಂದಿನ ಹೂವಿಗೆ ಸಾಗುತ್ತದೆಂದು ದಕ್ಷಿಣ ಆಫ್ರಿಕಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ನಮ್ಮ ಕರಾವಳಿಯಲ್ಲೂ ಯಾರಾದರೂ ಒಂದು ಮಳೆಗಾಲ ಬೇಲಿಯ ಬಳಿ ಕೂತು ಇದನ್ನು ಗಮನಿಸಬೇಕು ಎಂಬುದು ನನ್ನ ಆಸೆ.

ಬಳ್ಳಿಗೆ ಹತ್ತಲು ಬೇರೆ ಕುಡಿ ಬೇಡ, ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿದು ಮೇಲೇರುತ್ತದೆ. ಮಳೆ ಮುಗಿದ ಮೇಲೆ ಒಣಗಿ, ನೆಲದೊಳಗೆ ನೇಗಿಲಿನಾಕಾರದ ಗಡ್ಡೆಯಾಗಿ ಉಳಿಯುತ್ತದೆ. ಆಯುರ್ವೇದದ ಲಾಂಗಲಿ ಇದೇ.

ಗಡ್ಡೆ, ಬೀಜ ಎರಡರಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಜೀವಕೋಶ ಒಡೆದು ಎರಡಾಗುವಾಗ ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಸೂಕ್ಷ್ಮ ನಳಿಕೆಗಳು ಬೇಕು. ಅವು ಕಟ್ಟಿಕೊಳ್ಳದಂತೆ ಕಾಲ್ಚಿಸಿನ್ ತಡೆಯುತ್ತದೆ. ಸಸ್ಯದಲ್ಲಿ ಹೀಗಾದರೆ ವರ್ಣತಂತುಗಳು ಇಮ್ಮಡಿಯಾದ ಕೋಶವೇ ಉಳಿಯುತ್ತದೆ. 1937ರಿಂದ ತಳಿವಿಜ್ಞಾನಿಗಳು ಇದನ್ನು ಬಳಸುತ್ತಿದ್ದಾರೆ, ಬೀಜವಿಲ್ಲದ ಕಲ್ಲಂಗಡಿ ಬಂದದ್ದು ಈ ದಾರಿಯಲ್ಲೇ. ಅಳೆದು ಕೊಟ್ಟರೆ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಮದ್ದು. ಅದಕ್ಕೇ ತಮಿಳುನಾಡಿನ ರೈತರು ಬೀಜಕ್ಕಾಗಿಯೇ ಬಳ್ಳಿ ಬೆಳೆಯುತ್ತಾರೆ, ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ.

ಮನುಷ್ಯನ ದೇಹದಲ್ಲಿ ಬೇಗ ಬೇಗ ಒಡೆಯುವ ಕೋಶಗಳಿರುವುದು ಕರುಳಿನ ಒಳಪದರ, ಎಲುಬಿನ ಮಜ್ಜೆಗಳಲ್ಲಿ. ಹೀಗಾಗಿ ಈ ವಿಷದ ಮೊದಲ ಪೆಟ್ಟು ಅಲ್ಲಿಗೇ. ಗೆಣಸೆಂದು ತಿಳಿದು ಈ ಗಡ್ಡೆ ತಿಂದು ಸತ್ತವರಿದ್ದಾರೆ. ವಾಂತಿ, ಭೇದಿ ಶುರುವಾಗಲು ಕೆಲವು ಗಂಟೆ ಹಿಡಿಯಬಹುದು. ಆದ್ದರಿಂದ ಯಾರಾದರೂ ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯದೆ, ಗಡ್ಡೆಯ ಉಳಿದ ತುಂಡನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು.