ಪ್ರಬಂಧದ ಕೊನೆಯ ಬಳೆ

ಕೊಳ್ಳೇಗಾಲದಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ಹನೂರಿನ ಕಡೆಯ ವಿದ್ಯಾರ್ಥಿಯೊಬ್ಬನು ರೇಷ್ಮೆಯನ್ನು ಕುರಿತು ಬರೆದ ಪ್ರಬಂಧವೊಂದು ನನ್ನ ಕೈಗೆ ಬಂದಿತು. ಹುಳುಗಳ ನಾಲ್ಕು ಜ್ವರಗಳು, ಇರುಳೆದ್ದು ಹಿಪ್ಪುನೇರಳೆಯ ಸೊಪ್ಪು ಹಾಕುವ ತಾಯಿ, ಹುಳುಗಳು ಚಂದ್ರಿಕೆಗೇರುವ ಮೊದಲೇ ರೋಗ ತಗುಲಿ ಬೆಳೆಯೆಲ್ಲ ಹಾಳಾಗಿ ಸಾಲವೊಂದೇ ಉಳಿದುದು—ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬರೆದಿದ್ದನು. ಕೊನೆಗೆ ಮಾತ್ರ, "ಆದುದರಿಂದ ರೇಷ್ಮೆಯು ನಾಡಿನ ಸಂಪತ್ತು, ಎಲ್ಲರೂ ರೇಷ್ಮೆ ಬೆಳೆಯೋಣ" ಎಂದು ಮುಗಿಸಿದ್ದನು.

ಹೀಗೇಕೆಂದು ಕೇಳಿದೆ. "ಉಪಸಂಹಾರ ಹೀಗಿರಬೇಕೆಂದು ತಾವೇ ಬರೆಯಿಸಿದ್ದಿರಿ, ಸಾರ್" ಎಂದನು. ನನಗೆ ನಾಚಿಕೆಯಾಯಿತು.

ಮುಂದಿನ ವಾರ ಹುಡುಗರನ್ನು ಯಳಂದೂರಿಗೆ ಕರೆದೊಯ್ದೆನು. ಅಲ್ಲಿಯ ಗೌರೀಶ್ವರ ದೇವಾಲಯದ ಬಳೆಮಂಟಪವು 17ನೆಯ ಶತಮಾನದ್ದು. ಕಲ್ಲಿನ ಬಳೆಗಳ ಸರಪಳಿಗಳಿಂದಲೇ ಅದಕ್ಕೆ ಆ ಹೆಸರು. ಒಂದೊಂದು ಬಳೆಯೂ ಬಿಡಿಬಿಡಿ; ಆದರೂ ಸರಪಳಿಯೆಲ್ಲ ಒಂದೇ ಕಲ್ಲಿನಲ್ಲಿ ಕಡೆದುದು. ಶಿಲ್ಪಿಯು ಕೊನೆಯ ಬಳೆಯನ್ನು ಬೇರೆಡೆಯಿಂದ ತಂದು ಸಿಕ್ಕಿಸಲಿಲ್ಲ.

ಉಪಸಂಹಾರವೂ ಹಾಗೆಯೇ. ಹೇಳಿದುದನ್ನೇ ಮತ್ತೆ ಹೇಳುವುದು ಅದರ ಕೆಲಸವಲ್ಲ. ಹೊಸ ವಿಷಯವನ್ನೆತ್ತುವುದೂ ಅಲ್ಲ. ಲೇಖಕನೇ ನಂಬದ ಉಪದೇಶವಂತೂ ಅಲ್ಲವೇ ಅಲ್ಲ. ಇಷ್ಟನ್ನೂ ಹೇಳಿದ ಮೇಲೆ ತನಗೆ ಕಂಡುದೇನು ಎಂಬುದನ್ನು ಅದು ತಿಳಿಸಬೇಕು.

ಹುಡುಗನು ಕೊನೆಯ ಕಂಡಿಕೆಯನ್ನು ತಿದ್ದಿ ತಂದನು: "ಈ ಸಲವೂ ಅಮ್ಮ ಮೊಟ್ಟೆ ತಂದಿದ್ದಾಳೆ. ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟಿದ್ದಾಳೆ. ಸಾಲ ತಂದದ್ದೂ ಹುಳುವೇ, ತೀರಿಸಬೇಕಾದದ್ದೂ ಹುಳುವೇ. ನಮಗೆ ಬೇರೆ ಕಸುಬು ತಿಳಿಯದು."

ಕೆಂಪು ಶಾಯಿಯ ಲೇಖನಿ ಕೈಯಲ್ಲಿತ್ತು. ತಿದ್ದುವುದೇನೂ ಉಳಿದಿರಲಿಲ್ಲ.