ಕಂಪೆನಿಗಳ ಹಣವೂ ಮನೆಯ ಗಣಕಯಂತ್ರವೂ

ಮೈಸೂರು ನಗರದ ಈಶಾನ್ಯದ ಅಂಚಿನಲ್ಲಿರುವ ಕೆಸರೆಯಲ್ಲಿ ನಮ್ಮ ಸ್ನೇಹಿತರೊಬ್ಬರು ವಾಸವಾಗಿದ್ದಾರೆ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದವರು. ಅವರ ಮನೆಯಲ್ಲಿ ಹತ್ತು ವರ್ಷ ಮೀರಿದ ಗಣಕಯಂತ್ರವೊಂದಿದೆ. ಯಂತ್ರವೇನೋ ಗಟ್ಟಿಯಾಗಿದೆ. ಆದರೆ ಅದನ್ನು ನಡೆಸುತ್ತಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪೆನಿಯು 2025ರ ಅಕ್ಟೋಬರ್ 14ರಂದು ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಅದು ಬೇಡುವ ಭದ್ರತಾ ಅಂಗ ಈ ಹಳೆಯ ಯಂತ್ರದಲ್ಲಿಲ್ಲ. ಹೊಸದನ್ನು ಕೊಳ್ಳಲು ಪಿಂಚಣಿ ಒಪ್ಪದು. ಮೊಮ್ಮಗಳು ಲಿನಕ್ಸ್ ಹಾಕಿಕೊಟ್ಟಳು.

“ಐ.ಬಿ.ಎಮ್., ಇಂಟೆಲ್, ಗೂಗಲ್ ಎಲ್ಲರೂ ಈ ಲಿನಕ್ಸಿಗೆ ಕೋಟಿ ಕೋಟಿ ಸುರಿಯುತ್ತಾರಂತಲ್ಲ ಸ್ವಾಮಿ! ಅದರಲ್ಲಿ ನನ್ನ ಮೇಜಿನವರೆಗೆ ಬಂದದ್ದು ಎಷ್ಟು, ಹೇಳಿ ನೋಡೋಣ” ಎಂದು ಅವರು ನಮ್ಮನ್ನು ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಉತ್ತರ ಹುಡುಕಲು ನಾವು ಒಂದು ಉಪಾಯ ಮಾಡಿದೆವು. ಸ್ನೇಹಿತರು ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಬೇಕಾಗಿದ್ದಿತು. ಗುಂಡಿಯನ್ನೊತ್ತಿದ ಕ್ಷಣದಿಂದ ಅರ್ಜಿಯು ಕಾಗದದ ಮೇಲೆ ಮೂಡುವವರೆಗೆ ನಡೆಯುವ ಒಂದೊಂದು ಕೆಲಸದ ಹಿಂದೆಯೂ ಯಾರ ದುಡಿಮೆಯಿದೆ, ಯಾರ ದುಡ್ಡಿದೆ ಎಂದು ನೋಡುತ್ತ ಹೋಗುವುದೆಂದು ನಿಶ್ಚಯಿಸಿದೆವು.

ಯಂತ್ರಕ್ಕೆ ಜೀವ ಬಂದೊಡನೆ ಕೆಲಸಕ್ಕೆ ತೊಡಗುವುದು ಲಿನಕ್ಸಿನ ತಿರುಳು, ಅಂದರೆ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನುಸ್ ಟೊರ್ವಾಲ್ಡ್ಸ್ ಇದನ್ನು ಆರಂಭಿಸಿದರು. ಇಂದು ಇದನ್ನು ಹವ್ಯಾಸಿಗಳ ಕೃತಿಯೆಂದು ಕರೆಯುವುದು ತಪ್ಪಾದೀತು. ಲಿನಕ್ಸ್ ಫೌಂಡೇಷನ್ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಸಂಬಳವಿಲ್ಲದೆ ದುಡಿಯುವವರೆಂದು ಖಚಿತವಾಗಿ ತಿಳಿದವರ ಪಾಲು ಶೇಕಡಾ 10ಕ್ಕಿಂತ ಕಡಿಮೆ. ಬಹುಪಾಲು ಕೆಲಸ ಕಂಪೆನಿಗಳ ನೌಕರರದು. 2000ದ ಕೊನೆಯಲ್ಲಿ ಐ.ಬಿ.ಎಮ್. ಕಂಪೆನಿಯು ಮುಂದಿನ ಒಂದು ವರ್ಷದಲ್ಲಿ ಲಿನಕ್ಸಿಗಾಗಿ 100 ಕೋಟಿ ಡಾಲರ್ ವೆಚ್ಚ ಮಾಡುವುದಾಗಿ ಸಾರಿತು. 2019ರಲ್ಲಿ ಅದೇ ಕಂಪೆನಿ 3,400 ಕೋಟಿ ಡಾಲರ್ ತೆತ್ತು ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪೆನಿಯನ್ನೇ ಕೊಂಡುಕೊಂಡಿತು.

ಈ ಹಣ ನಮ್ಮ ಸ್ನೇಹಿತರ ಮೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟದ್ದಲ್ಲ. ಬ್ಯಾಂಕುಗಳ, ದೂರವಾಣಿ ಸಂಸ್ಥೆಗಳ, ಅಂತರಜಾಲದ ಉಗ್ರಾಣಗಳ ಭಾರಿ ಯಂತ್ರಗಳೇ ಅದರ ಗುರಿ. ಜಗತ್ತಿನ ಅತ್ಯಂತ ಪ್ರಬಲವಾದ 500 ಗಣಕಯಂತ್ರಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಎಲ್ಲವೂ ಲಿನಕ್ಸಿನಿಂದಲೇ ನಡೆಯುತ್ತಿವೆ. ಆದರೂ ದೊಡ್ಡ ಯಂತ್ರಕ್ಕೆಂದು ಬರೆದ ತಿರುಳೇ ಸಣ್ಣ ಯಂತ್ರಕ್ಕೂ ತಿರುಳು. ಇಂಟೆಲ್ ಕಂಪೆನಿ ತನ್ನ ಚಿತ್ರಫಲಕದ ಚಾಲಕ ತಂತ್ರಾಂಶವನ್ನು ತಾನೇ ಬರೆದು ಕೊಟ್ಟುದರಿಂದಲೇ ಕೆಸರೆಯ ಯಂತ್ರದ ಪರದೆ ಯಾವ ಸಾಹಸವೂ ಇಲ್ಲದೆ ಬೆಳಗಿತು.

ಮೈಸೂರಿನವರಿಗೆ ಇಂಥದೊಂದು ಕಥೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದದ್ದು ಯಾರ ಮನೆಯ ದೀಪಕ್ಕಾಗಿಯೂ ಅಲ್ಲ, ಕೋಲಾರದ ಚಿನ್ನದ ಗಣಿಗಳಿಗಾಗಿ. ಗಣಿಯವರು ಕೊಳ್ಳುತ್ತಾರೆಂಬ ಭರವಸೆಯ ಮೇಲೆ ಮೈಸೂರು ಸರ್ಕಾರ ಹಣ ತೊಡಗಿಸಿತು. ಬೆಂಗಳೂರಿಗೆ ಆ ಬೆಳಕು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಗಣಿಯ ಬೇಡಿಕೆಯಿಲ್ಲದಿದ್ದರೆ ನಗರದ ದೀಪಗಳು ಅಷ್ಟು ಬೇಗ ಹೊತ್ತುತ್ತಿರಲಿಲ್ಲ. ಆದರೆ ಗಣಿಯ ತಂತಿಯಿಂದ ಬೀದಿಯ ಮನೆಗೆ ವಿದ್ಯುತ್ತು ತಾನಾಗಿ ಇಳಿದುಬರುವುದಿಲ್ಲ. ಕೊನೆಯ ಕಂಬವನ್ನು ಯಾರಾದರೂ ನೆಡಲೇಬೇಕು. ಲಿನಕ್ಸಿನಲ್ಲಿ ಆ ಕೊನೆಯ ಕಂಬವನ್ನು ನೆಟ್ಟವರಾರೆಂಬುದೇ ನಮ್ಮ ವಿಚಾರ.

ಸ್ನೇಹಿತರು ಕೀಲಿಮಣೆಯ ಮುಂದೆ ಕುಳಿತು “ಅರ್ಜಿ” ಎಂಬ ಪದವನ್ನು ಒತ್ತಿದರು. ಅವರಿಗೆ ಅಭ್ಯಾಸವಾಗಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕರ್ನಾಟಕ ಸರ್ಕಾರ ಒಪ್ಪಿದ್ದೂ ‘ನುಡಿ’ ತಂತ್ರಾಂಶದಲ್ಲಿರುವುದೂ ಅದೇ. ‘ಎಫ್’ ಕೀಲಿಯನ್ನೊತ್ತಿದರೆ ಒತ್ತಕ್ಷರ ಕೂಡಿಕೊಳ್ಳುವ ಆ ಜಾಣ್ಮೆಯನ್ನು ಬಲ್ಲವರು ಬೇರೊಂದನ್ನು ಮುಟ್ಟಲಾರರು. ಲಿನಕ್ಸಿನಲ್ಲಿ ಈ ವಿನ್ಯಾಸ ದೊರೆಯುವುದು ‘ಎಮ್-17-ಎನ್’ ಎಂಬ ಸಂಗ್ರಹದ ಮೂಲಕ. ಬಹುಭಾಷೀಕರಣವೆಂಬ ಅರ್ಥದ ಇಂಗ್ಲಿಷ್ ಪದದಲ್ಲಿ ಮೊದಲ ‘ಎಮ್’ಗೂ ಕಡೆಯ ‘ಎನ್’ಗೂ ನಡುವೆ 17 ಅಕ್ಷರಗಳಿರುವುದರಿಂದ ಈ ವಿಚಿತ್ರ ಹೆಸರು! ಇದನ್ನು ಕಟ್ಟಿದ್ದು ಜಪಾನಿನ ಸರ್ಕಾರೀ ಸಂಶೋಧನಾ ಸಂಸ್ಥೆ. ಇದನ್ನು ಪರದೆಗೆ ಜೋಡಿಸುವ ‘ಐಬಸ್’ ರೆಡ್ ಹ್ಯಾಟಿನ ಎಂಜಿನಿಯರುಗಳ ಕೈಯಲ್ಲಿ ಬೆಳೆಯಿತು. ಹೀಗೆ ಒಂದೇ ಕೀಲಿಯ ಕೆಳಗೆ ಒಬ್ಬ ಕನ್ನಡಿಗರು, ಒಂದು ಸರ್ಕಾರ, ಒಂದು ಕಂಪೆನಿ ಸೇರಿಕೊಂಡಿದ್ದಾರೆ.

ಇನ್ನು ಅಕ್ಷರ ಮೂಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯುನಿಕೋಡ್ ಪದ್ಧತಿಯಂತೆ “ಅರ್ಜಿ” ಎಂಬುದು ಯಂತ್ರದ ನೆನಪಿನಲ್ಲಿ ಐದು ಸಂಕೇತಗಳಾಗಿ ನಿಲ್ಲುತ್ತದೆ: ಅಕಾರ, ರಕಾರ, ಸ್ವರವಿಲ್ಲವೆಂದು ತೋರಿಸುವ ಚಿಹ್ನೆ, ಜಕಾರ, ಗುಡಿಸು. ಉಚ್ಚಾರಣೆಯ ಕ್ರಮವೂ ಇದೇ. ಬರೆಯುವ ಕ್ರಮ ಮಾತ್ರ ಇದಲ್ಲ. ಬರೆಯುವಾಗ ರಕಾರವು ಅರ್ಕಾವತ್ತಾಗಿ ಜಕಾರವನ್ನು ದಾಟಿ ಆಚೆಗೆ ಹೋಗಬೇಕು. ಗುಡಿಸು ಬೇರೆ ನಿಲ್ಲದೆ ಜಕಾರದೊಡನೆ ಬೆರೆತು ಒಂದೇ ಆಕೃತಿಯಾಗಬೇಕು. ನಮ್ಮ ಕೈಬೆರಳು ಬಾಲ್ಯದಲ್ಲೇ ಕಲಿತ ಈ ವಿದ್ಯೆಯನ್ನು ಯಂತ್ರಕ್ಕೆ ನಿಯಮವಾಗಿ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ರಕಾರ ಒಂದು ಕಡೆ, ಗುಡಿಸು ಒಂದು ಕಡೆ ಚದರಿ, ಓದಲು ಬಾರದ ತುಣುಕುಗಳು ಉಳಿಯುತ್ತವೆ. ಹಿಂದೆ ಲಿನಕ್ಸಿನಲ್ಲಿ ಇಂಥ ಚಿತ್ರವನ್ನು ಕಂಡು ಕೈಬಿಟ್ಟವರು ನಮ್ಮಲ್ಲಿ ಅನೇಕರುಂಟು.

ಇಂದು ಈ ಜೋಡಣೆಯನ್ನು ಮಾಡುವುದು ‘ಹರ್ಫ್‌ಬಜ್’ ಎಂಬ ತಂತ್ರಾಂಶ. ಪಾರಸಿಯಲ್ಲಿ ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್ ಇದನ್ನು ಮೊದಲು ರೆಡ್ ಹ್ಯಾಟಿನಲ್ಲೂ ಅನಂತರ ಗೂಗಲಿನಲ್ಲೂ ನೌಕರರಾಗಿದ್ದು ಬೆಳೆಸಿದರು. ಗೂಗಲಿಗೆ ಕನ್ನಡದ ಅರ್ಕಾವತ್ತಿನಲ್ಲಿ ಏಕೆ ಇಷ್ಟು ಆಸಕ್ತಿ? ಆಂಡ್ರಾಯ್ಡ್ ಫೋನುಗಳು ಭಾರತದಲ್ಲಿ ಮಾರಾಟವಾಗಬೇಕಾದರೆ ಭಾರತೀಯ ಲಿಪಿಗಳು ಸರಿಯಾಗಿ ಮೂಡಲೇಬೇಕು. ಫೋನಿಗೆಂದು ತೆಗೆದುಕೊಂಡ ಶ್ರಮ ಮೇಜಿನ ಯಂತ್ರಕ್ಕೂ ದಕ್ಕಿತು.

ಅಕ್ಷರಗಳ ಅಚ್ಚಿನ ಕಥೆಯೂ ಇಂಥದೇ. ಸ್ನೇಹಿತರ ಪರದೆಯ ಮೇಲೆ ಮೂಡಿದ್ದು ‘ಲೋಹಿತ್ ಕನ್ನಡ’. ಲೋಹಿತವೆಂದರೆ ಕೆಂಪು. ಕೆಂಪು ಟೋಪಿಯ ಕಂಪೆನಿ 2004ರಲ್ಲಿ ಭಾರತೀಯ ಭಾಷೆಗಳ ಈ ಅಚ್ಚುಗಳನ್ನು ಸರ್ವರಿಗೂ ಬಿಟ್ಟುಕೊಟ್ಟಿತು. ಅನಂತರ ಗೂಗಲಿನ ‘ನೋಟೋ’ ಬಂದಿತು. ಕಂಪೆನಿಗಳ ಹಣದಿಂದ ಮನೆಯ ಯಂತ್ರಕ್ಕೆ ಪ್ರಯೋಜನವಿಲ್ಲವೆನ್ನುವವರು ಈ ಎರಡನ್ನು ಅಳಿಸಿಹಾಕಿ ಒಂದು ದಿನ ಕನ್ನಡ ಬರೆದು ನೋಡಲಿ.

ಅರ್ಜಿಯನ್ನು ಬರೆದ ‘ಲಿಬ್ರೆ ಆಫೀಸ್’ ಮಾತ್ರ ಬೇರೊಂದು ಪಾಠವನ್ನು ಹೇಳುತ್ತದೆ. ಇದರ ಮೂಲ ಜರ್ಮನಿಯ ‘ಸ್ಟಾರ್ ಆಫೀಸ್’. ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ ಅದನ್ನು 1999ರಲ್ಲಿ ಕೊಂಡು ಮರುವರ್ಷ ಅದರ ಮೂಲ ಬರಹವನ್ನು ಬಯಲಿಗಿಟ್ಟಿತು. 2010ರ ಆರಂಭದಲ್ಲಿ ಸನ್ ಕಂಪೆನಿಯನ್ನೇ ಒರಾಕಲ್ ಕೊಂಡಿತು. ಹೊಸ ಒಡೆಯರ ನಡೆಯನ್ನು ನಂಬದ ಕೆಲಸಗಾರರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೊರಬಂದು ಲಿಬ್ರೆ ಆಫೀಸನ್ನು ಕಟ್ಟಿದರು. ರೆಡ್ ಹ್ಯಾಟ್ ಬಹುಕಾಲ ಅದಕ್ಕೆ ದುಡಿಯಿತು. 2023ರಲ್ಲಿ, ತನ್ನ ವಾಣಿಜ್ಯ ಲಿನಕ್ಸಿನ ಮುಂದಿನ ಆವೃತ್ತಿಗಳಲ್ಲಿ ಲಿಬ್ರೆ ಆಫೀಸನ್ನು ಸೇರಿಸುವುದಿಲ್ಲವೆಂದು ತಿಳಿಸಿತು. ಕಂಪೆನಿಯ ಅಕ್ಕರೆ ಲೆಕ್ಕದ ಪುಸ್ತಕ ಇರುವವರೆಗೆ. ಆದರೆ ಬರಹ ಬಯಲಿನಲ್ಲಿರುವುದರಿಂದ ಕಂಪೆನಿ ಹೊರಟುಹೋದರೂ ಕೆಲಸ ಹೊರಟುಹೋಗುವುದಿಲ್ಲ. ಈಜೆಲ್ ಎಂಬ ಕಂಪೆನಿ 2001ರಲ್ಲಿ ಬಾಗಿಲು ಮುಚ್ಚಿತು. ಕಡತಗಳನ್ನು ತೆರೆಯಲು ಅದು ಬರೆದ ‘ನಾಟಿಲಸ್’ನ ಸಂತತಿ ಇಂದಿಗೂ ಲಕ್ಷಾಂತರ ಯಂತ್ರಗಳಲ್ಲಿದೆ.

ಉಪಕಾರ ಒಂದೇ ದಿಕ್ಕಿಗೆ ಹರಿಯುತ್ತದೆಂದೂ ತಿಳಿಯಬಾರದು. ಕೆ.ಡಿ.ಇ. ಎಂಬ ಮೇಜಿನ ತಂತ್ರಾಂಶಕ್ಕಾಗಿ ಉತ್ಸಾಹಿಗಳು ಬರೆದ ಜಾಲದರ್ಶಕವನ್ನು ಆ್ಯಪಲ್ ಕಂಪೆನಿ ಎತ್ತಿಕೊಂಡು 2003ರಲ್ಲಿ ತನ್ನ ‘ಸಫಾರಿ’ಯನ್ನು ಹೊರತಂದಿತು. ಗೂಗಲಿನ ‘ಕ್ರೋಮ್’ ಅದೇ ಬೇರಿನ ಕೊಂಬೆ.

ಅರ್ಜಿ ಅರ್ಧಕ್ಕೆ ಬರುವ ಹೊತ್ತಿಗೆ ಸ್ನೇಹಿತರ ಮುಖ ಸಪ್ಪಗಾಯಿತು. ಪ್ರತಿ ಸಾಲಿನಲ್ಲೂ ಕೆಂಪು ಗೆರೆಗಳು! ನಲವತ್ತು ವರ್ಷ ಕನ್ನಡ ಪಾಠ ಹೇಳಿದವರಿಗೆ ಯಂತ್ರ ಕಾಗುಣಿತ ಕಲಿಸಲು ಹೊರಟಿತ್ತು. ತಪ್ಪು ಅವರದಲ್ಲ. ‘ಹನ್‌ಸ್ಪೆಲ್’ ಎಂಬ ಈ ಪರೀಕ್ಷಕ ಹುಟ್ಟಿದ್ದು ಹಂಗೇರಿಯ ಭಾಷೆಗಾಗಿ. ಅದೂ ಕನ್ನಡದಂತೆ ಪ್ರತ್ಯಯಗಳನ್ನು ಪೋಣಿಸುವ ಭಾಷೆಯಾದುದರಿಂದ ಯಂತ್ರಕ್ಕೆ ಶಕ್ತಿಯೇನೋ ಇದೆ. ಇಲ್ಲದ್ದು ಸಾಮಗ್ರಿ. ‘ಮನೆ’ ಎಂಬ ಪದ ಪಟ್ಟಿಯಲ್ಲಿದ್ದರೆ ಸಾಲದು. ‘ಮನೆಯಲ್ಲಿ’, ‘ಮನೆಯವರಿಗೂ’, ‘ಮನೆಯಲ್ಲಿದ್ದುದರಿಂದ’ ಎಂಬ ರೂಪಗಳಿಗೆಲ್ಲ ನಿಯಮ ಬರೆಯಬೇಕು, ಸಂಧಿಯನ್ನು ಬಿಡಿಸಬೇಕು. ವ್ಯಾಕರಣವನ್ನೂ ಗಣಕವನ್ನೂ ಬಲ್ಲವರು ವರ್ಷಗಟ್ಟಲೆ ಕುಳಿತು ಮಾಡುವ ಕೆಲಸವಿದು. ಇದರಿಂದ ಒಂದು ಫೋನೂ ಹೆಚ್ಚಾಗಿ ಮಾರಾಟವಾಗದು.

ಹಳೆಯ ಕಡತಗಳ ಗತಿಯೂ ಅಷ್ಟೇ. ಹಿಂದೆ ನುಡಿಯಲ್ಲಿ ಬರೆದಿಟ್ಟ ಪಾಠಟಿಪ್ಪಣಿಗಳನ್ನು ತೆರೆದರೆ ರೋಮನ್ ಅಕ್ಷರಗಳ ಗೋಜಲು ಕಂಡಿತು. ಆಗಿನ ಪದ್ಧತಿಯಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದರು. ಆ ಅಚ್ಚಿಲ್ಲದೆ ಓದಲಾಗದು. ಇದನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳನ್ನು ಕನ್ನಡದ ಉತ್ಸಾಹಿಗಳು ಬಿಡುವಿನ ವೇಳೆಯಲ್ಲಿ ಬರೆದು ಹಂಚಿದ್ದಾರೆ. ಮೊಮ್ಮಗಳು ಅಂಥದೊಂದನ್ನು ಹುಡುಕಿ ತಂದಳು, ಟಿಪ್ಪಣಿಗಳು ಬದುಕಿದವು.

ಮನಸ್ಸು ಮಾಡಿದರೆ ಸರ್ಕಾರವೂ ಕಂಬ ನೆಡಬಲ್ಲದು. ಕೇರಳವು 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ, ಈಗಿನ ‘ಕೈಟ್’ ಸಂಸ್ಥೆ, ಶಾಲೆಗಳಿಗೆಂದೇ ಲಿನಕ್ಸನ್ನು ಹೊಂದಿಸಿಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರ ಮೇಲೆಯೇ, ಕನ್ನಡದಲ್ಲಿ ಅಚ್ಚಾದ ಪಠ್ಯಪುಸ್ತಕವನ್ನಿಟ್ಟುಕೊಂಡು ಗಣಕವನ್ನು ಕಲಿಯುತ್ತಾರೆ. ಅವರಿಗೂ ತಳಪಾಯ ಕಂಪೆನಿಗಳ ಹಣದ್ದೇ. ಮೇಲಿನ ಕಟ್ಟಡ ಮಾತ್ರ ಸರ್ಕಾರದ್ದು. ಕೆಸರೆಯ ಕಾಗುಣಿತಕ್ಕೂ ಇಂಥದೊಂದು ಒತ್ತಾಸೆ ದೊರೆಯಬಾರದೆ ಎಂದು ನಮಗೆ ಅನಿಸದಿರಲಿಲ್ಲ.

ಕೊನೆಯದು ಮುದ್ರಣ. ಪ್ರಿಂಟರನ್ನು ಜೋಡಿಸಿದ್ದೇ ತಡ, ಯಂತ್ರ ಅದನ್ನು ಗುರುತಿಸಿತು. ಇದು ‘ಕಪ್ಸ್’ ಎಂಬ ವ್ಯವಸ್ಥೆಯ ಕೆಲಸ. ಅಮೆರಿಕದ ಮೈಕೆಲ್ ಸ್ವೀಟ್ ಬರೆದ ಇದನ್ನು ಆ್ಯಪಲ್ ಕಂಪೆನಿ ತನ್ನ ಮ್ಯಾಕ್ ಯಂತ್ರಗಳಿಗೆ ಬೇಕೆಂದು 2007ರಲ್ಲಿ ಕೊಂಡು, ಅವರಿಗೆ ಸಂಬಳ ಕೊಟ್ಟು ಬೆಳೆಸಿತು. ಜೀವಮಾನದಲ್ಲಿ ಆ್ಯಪಲಿನ ಒಂದು ವಸ್ತುವನ್ನೂ ಕೊಳ್ಳದ ನಮ್ಮ ಸ್ನೇಹಿತರ ಅರ್ಜಿ ಹೀಗೆ ಅಚ್ಚಾಗಿ ಹೊರಬಂದಿತು. ಕೆಂಪು ಗೆರೆಗಳು ಕಾಗದದ ಮೇಲೆ ಮೂಡಲಿಲ್ಲವೆಂದು ಅವರಿಗೆ ಬಹಳ ಸಮಾಧಾನವಾಯಿತು. ಮೊಮ್ಮಗಳು ಗೆರೆ ಬಿದ್ದ ಪದಗಳನ್ನು ಒಂದೊಂದಾಗಿ ಯಂತ್ರದ ಪಟ್ಟಿಗೆ ಸೇರಿಸುತ್ತಿದ್ದಳು. ನಾವು ಬೀಳ್ಕೊಂಡು ಹೊರಡುವಾಗ ಅಜ್ಜ ಅವಳ ಪಕ್ಕದಲ್ಲಿ ಕುಳಿತು ಮಹಾಪ್ರಾಣಗಳನ್ನು ತಿದ್ದುತ್ತಿದ್ದರು.